ಎಣ್ಣೆ ಕುಡಿದ ಪುಡಿ

ಶೇಂಗಾ ಸಿಪ್ಪೆಯನ್ನು ಕಸದ ಬುಟ್ಟಿಗೆ ಹಾಕಿದರೆ ಬೈಸಿಕೊಳ್ಳಬೇಕಾದ ಕಾಲವೊಂದು ನಮ್ಮ ಮನೆಯಲ್ಲಿತ್ತು. ಬಾಗಲಕೋಟೆ ಕಡೆಯಿಂದ ಬಂದ ನಾವು ಆಗ ಕೂಕಟ್‌ಪಲ್ಲಿಯ ಒಂದು ಅಪಾರ್ಟ್‌ಮೆಂಟಿನ ಕೊನೆಯ ಮಹಡಿಯಲ್ಲಿದ್ದೆವು. ನಮ್ಮ ಮನೆಯವರು ಹಿಮಾಯತ್‌ನಗರದಲ್ಲಿ ಪಂಪ್‌ಸೆಟ್ ಮಾರುವ ಒಂದು ಕಂಪನಿಯ ಆಫೀಸಿನಲ್ಲಿದ್ದರು. ಅವರ ಕೊನೆಯ ತಂಗಿ, ಅಂದರೆ ನನ್ನ ನಾದಿನಿ, ಎಮ್ಮೆಸ್ಸಿ ಮುಗಿಸಿ ಇಲ್ಲಿಯದೇ ಒಂದು ಲ್ಯಾಬಿನಲ್ಲಿ ಪಿಎಚ್‌ಡಿಗೆ ಸೇರಿ ನಮ್ಮ ಜೊತೆಗೇ ಇದ್ದಳು. ಇಡೀ ಊರಿನ ಹುಡುಗ ಹುಡುಗಿಯರು ಕಂಪ್ಯೂಟರ್ ಕಲಿಯುತ್ತಿದ್ದಾಗ ನಮ್ಮ ಹುಡುಗಿ ಸಿಪ್ಪೆ ಸುಡುವುದನ್ನು ಕಲಿಯುತ್ತಿದ್ದಳು.

ಸಂಜೆ ಯಾರೇ ಮನೆಗೆ ಬಂದರೂ ಅವರ ಮುಂದೆ ಒಂದು ಬುಟ್ಟಿ ಶೇಂಗಾ ಬರುತ್ತಿತ್ತು. ಅತಿಥಿ ಸತ್ಕಾರ ಎಂದು ಅವರು ಖುಷಿಯಾಗಿ ಬಿಡಿಸಿ ತಿನ್ನುವಾಗ ನಾದಿನಿ ಪಕ್ಕದಲ್ಲೇ ತಟ್ಟೆ ಹಿಡಿದು ಕೂರುತ್ತಿದ್ದಳು. "ಕಾಳು ನಿಮಗ, ಸಿಪ್ಪಿ ನನಗ. ಒಂದೂ ಕೆಳಗ ಬೀಳಬಾರದು ನೋಡ್ರಿ!" ಸಿಪ್ಪೆಯನ್ನು ತೊಳೆದು ಮಾಳಿಗೆಯ ಮೇಲೆ ನನ್ನ ಹಳೆಯ ಸೀರೆ ಹಾಸಿ ಒಣಗಿಸುತ್ತಿದ್ದಳು. ಮಾಲೀಕರ ಹೆಂಡತಿ ಒಣಗಿದ ಬಟ್ಟೆ ತೆಗೆಯಲು ಬಂದವರು, ಹಪ್ಪಳ ಸಂಡಿಗೆ ಇರಬೇಕಾದ ಜಾಗದಲ್ಲಿ ಹೊಟ್ಟು ನೋಡಿ, ನಮ್ಮ ಮನೆಯಲ್ಲಿ ಎಮ್ಮೆ ಕಟ್ಟಿದ್ದೇವೆಯೇ ಎಂದು ವಿಚಾರಿಸಿಕೊಂಡು ಹೋಗಿದ್ದರು.

ಒಣಗಿದ ಸಿಪ್ಪೆಯನ್ನು ಅವಳು ಲ್ಯಾಬಿಗೆ ಒಯ್ದು ಪುಡಿ ಮಾಡಿ, ಕ್ಷಾರದಲ್ಲಿ ನೆನೆಸಿ, ಗಾಳಿ ಸೋಕದ ಹಾಗೆ ಕುಲುಮೆಯಲ್ಲಿ ಸುಟ್ಟು, ಮತ್ತೆ ಮತ್ತೆ ತೊಳೆಯುತ್ತಿದ್ದಳು. ಕೊನೆಗೆ ಉಳಿಯುವುದು ಒಂದಿಷ್ಟು ಕಪ್ಪು ಪುಡಿ. ಅದರಲ್ಲೇನಿದೆ ಅಂಥದ್ದು ಎಂದು ನಾನೊಮ್ಮೆ ಕೇಳಿದ್ದಕ್ಕೆ ನನ್ನ ತಟ್ಟೆಯ ಇಡ್ಲಿಯನ್ನೇ ಮುರಿದು ತೋರಿಸಿದಳು.

"ಇಡ್ಲಿಯೊಳಗ ತೂತು ಇರ್ತಾವಲ್ಲ ವೈನಿ, ಅದಕ್ಕ ಸಾಂಬಾರ್ ಕುಡೀತೈತಿ. ನನ್ನ ಪುಡಿಯೊಳಗೂ ತೂತು. ದೊಡ್ಡ ತೂತಿನೊಳಗ ಸಣ್ಣ ತೂತು, ಅದರೊಳಗ ಇನ್ನೂ ಸಣ್ಣವು. ಕಣ್ಣಿಗೆ ಕಾಣಂಗಿಲ್ಲ. ಹೊಲಸು ನೀರಿನ್ಯಾಗಿನ ವಿಷ ಆ ತೂತಿನ್ಯಾಗ ಹೊಕ್ಕು ಸಿಕ್ಕೊಂತೈತಿ. ಕರೆಂಟೂ ಹಂಗ ಹಿಡಿದು ಇಡಬಹುದು."

"ಹಂಗಾರ ಮೊದಲು ಈ ಫ್ಯಾನ್ ತಿರುಗಿಸು" ಎಂದರು ಇವರು. ಕರೆಂಟು ಹೋಗಿ ಬಹಳ ಹೊತ್ತಾಗಿತ್ತು. ಬೀಸಣಿಗೆಯ ಬದಲು ಪೇಪರಿನಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದರು.

"ಅಣ್ಣಾ, ಒಂದು ಚಮಚ ಪುಡಿಯೊಳಗಿನ ತೂತಿನ ಗೋಡಿ ಎಲ್ಲಾ ಬಿಚ್ಚಿ ಹಾಸಿದ್ರ ಒಂದು ಆಟದ ಮೈದಾನ ತುಂಬತೈತಿ, ಗೊತ್ತೇನು?"

"ಮೈದಾನದಷ್ಟು ಜಾಗ? ಕೂಕಟ್‌ಪಲ್ಲಿಯೊಳಗ?" ಇವರು ಪೇಪರು ಕೆಳಗಿಟ್ಟರು. "ಹಂಗಿದ್ರ ಅದನ್ನ ಸೈಟ್ ಮಾಡಿ ಮಾರೂಣು. ಪಿಎಚ್‌ಡಿ ಯಾಕ ಬೇಕು?"

ನಗೆಚಾಟಿಕೆ ಹಾಗಿದ್ದರೂ ಒಳಗೆ ಅವರಿಗೆ ಚಿಂತೆಯಿತ್ತು. ದಿನಾ ಆಫೀಸಿಗೆ ಹೋಗುವ ಬಸ್ಸು ಅಮೀರ್‌ಪೇಟ್ ಮೇಲೆಯೇ ಹಾಯುತ್ತಿತ್ತು. ಅಲ್ಲಿ ಗೋಡೆಯ ಬಣ್ಣ ಯಾವುದೆಂದು ತಿಳಿಯದಷ್ಟು ಕಂಪ್ಯೂಟರ್ ಕ್ಲಾಸಿನ ಬೋರ್ಡುಗಳು. ಕ್ಲಾಸು ಬಿಟ್ಟ ಹೊತ್ತಿಗೆ ಬಸ್ಸು ಮುಂದಕ್ಕೆ ಹೋಗದಷ್ಟು ಹುಡುಗರು. ನಮ್ಮ ಬಿಲ್ಡಿಂಗಿನಲ್ಲೇ, ನಿನ್ನೆ ಮೊನ್ನೆಯ ತನಕ ಕ್ರಿಕೆಟ್ ಆಡಿ ಕಿಟಕಿ ಒಡೆಯುತ್ತಿದ್ದವರು ಕುತ್ತಿಗೆಗೆ ಕಂಪನಿಯ ಗುರುತಿನ ಚೀಟಿ ತೂಗುಹಾಕಿಕೊಂಡು ಓಡಾಡುತ್ತಿದ್ದರು. ತಂಗಿಯ ಕುತ್ತಿಗೆಯಲ್ಲಿ ಮಾತ್ರ ಮಸಿ. ಕಡೆಗೊಂದು ದಿನ ಇವರು ಅಮೀರ್‌ಪೇಟ್‌ನ ಒಂದು ಕ್ಲಾಸಿನಲ್ಲಿ ಅವಳ ಹೆಸರಿಗೆ ದುಡ್ಡು ಕಟ್ಟಿ ಸೀಟು ಹಿಡಿದೇ ಬಂದರು.

ಅಣ್ಣ ತಂಗಿ ಎರಡು ದಿನ ಮಾತು ಬಿಟ್ಟರು. ಅವರವರ ಮಾತನ್ನು ಅತ್ತಿತ್ತ ಸಾಗಿಸುವ ಕೆಲಸ ನನ್ನದಾಯಿತು. "ವೈನಿ, ಉಪ್ಪು ಕೊಡು ಅಂತ ಹೇಳ್ರಿ ಅವಗ" ಎಂದು ಅವಳು. "ಆಕಿ ಕೈಗೆ ಉಪ್ಪು ಹತ್ರ ಐತಿ ಅಂತ ಹೇಳು" ಎಂದು ಇವರು. ಮೂರನೆಯ ದಿನ ಒಂದು ರಾಜಿಯಾಯಿತು. ಅವಳ ಪುಡಿಯಲ್ಲಿ ಎಷ್ಟು ತೂತಿದೆ ಎಂದು ಅಳೆಯುವ ಮಷೀನು ಊರಿನ ಆ ತುದಿಯ ಇನ್ನೊಂದು ಲ್ಯಾಬಿನಲ್ಲಿತ್ತು. ತಿಂಗಳುಗಟ್ಟಲೆ ಕಾದ ಮೇಲೆ ಅವಳ ಪಾಳಿ ಬಂದಿತ್ತು.

"ಆ ಮಷೀನು ಏನ್ ಹೇಳ್ತೈತೋ ಹೇಳ್ಲಿ" ಎಂದರು ಇವರು. "ಚಲೋ ಬಂತು, ನೀ ಓದು. ನಾ ಬಾಯಿ ತೆಗ್ಯಂಗಿಲ್ಲ. ಬರಲಿಲ್ಲ, ಸೋಮವಾರದಿಂದ ಅಮೀರ್‌ಪೇಟ್."

"ಆತು" ಎಂದಳು ಅವಳು. ಅಷ್ಟು ಜೋರಾಗಿ ಹೇಳಿದವಳು ಆಮೇಲೆ ಅಡುಗೆಮನೆಗೆ ಬಂದು ನನ್ನ ಸೆರಗು ಹಿಡಿದುಕೊಂಡು ನಿಂತಳು. ಲ್ಯಾಬಿನ ಕುಲುಮೆ ಕೆಟ್ಟು ಕೂತಿತ್ತು, ಯಾವಾಗ ರಿಪೇರಿಯಾಗುವುದೋ ಗೊತ್ತಿರಲಿಲ್ಲ. ಕೈಯಲ್ಲಿ ಇದ್ದದ್ದು ಒಂದೇ ಸಲ ಸುಟ್ಟ ಪುಡಿ. ಅದೊಂದೇ.

ಮಷೀನಿಗೆ ಹೋಗುವ ಹಿಂದಿನ ದಿನ ಅವಳು ಪುಡಿಯನ್ನು ಗಾಜಿನ ಶೀಶೆಯಲ್ಲಿ ಮನೆಗೆ ತಂದಳು, ಬೆಳಿಗ್ಗೆ ಇಲ್ಲಿಂದಲೇ ನೆಟ್ಟಗೆ ಹೋಗುವುದಕ್ಕೆಂದು. ನಮ್ಮ ಸಿಟಿ ಬಸ್ಸಿನ ನೂಕಾಟದಲ್ಲಿ ಶೀಶೆಯ ಮುಚ್ಚಳ ಬಿರುಕು ಬಿಟ್ಟಿತ್ತು. ಅವಳು ನನ್ನ ಡಬ್ಬಿಗಳ ಸಾಲಿನಿಂದ ಒಂದನ್ನು ತೆಗೆದು, ತಿಕ್ಕಿ ತೊಳೆದು, ಒಲೆಯ ಮೇಲೆ ಕಾಸಿ ಆರಿಸಿ, ಪುಡಿ ತುಂಬಿದಳು. ಹಳೇ ಬಟ್ಟೆ ಕೊಟ್ಟು ಪಾತ್ರೆಯವಳಿಂದ ತೆಗೆದುಕೊಂಡ ಸ್ಟೀಲ್ ಡಬ್ಬಿಗಳವು. ಎಲ್ಲ ಒಂದೇ ಅಳತೆ, ಒಂದೇ ಬಿಗಿ ಮುಚ್ಚಳ. ತುಂಬಿದ್ದಾಯಿತು, ಎಲ್ಲಿಡಬೇಕು? ಅಣ್ಣನ ಕೈ ಎಲ್ಲೆಲ್ಲಿ ಹೋಗುತ್ತದೆ ಎಂದು ಅವಳಿಗೆ ಗೊತ್ತು. ತಿಂಡಿ ಹುಡುಕುವ ಆ ಕೈ ಹೋಗದ ಒಂದೇ ಜಾಗ ದೇವರ ಜಗುಲಿ. ನಾನು ಮಲಗಿದ ಮೇಲೆ ಅವಳು ಡಬ್ಬಿಯನ್ನು ದೇವರ ಮುಂದಿಟ್ಟಳು.

ಅವಳಿಗೆ ಗೊತ್ತಿಲ್ಲದ್ದು ಇಷ್ಟೇ. ಅದೇ ದಿನ ಮಧ್ಯಾಹ್ನ ನಾನು ಗುರೆಳ್ಳು, ಅಂದರೆ ಹುಚ್ಚೆಳ್ಳಿನ, ಚಟ್ನಿಪುಡಿ ಕುಟ್ಟಿದ್ದೆ. ಗುರೆಳ್ಳಿನ ಪುಡಿ ಎಂದರೆ ಬಣ್ಣ ಕೇಳಬೇಕೇ, ಕಾಡಿಗೆಯ ತಮ್ಮ. ಹೊಸದಾಗಿ ಏನು ಕುಟ್ಟಿದರೂ ಮೊದಲ ಡಬ್ಬಿ ಒಂದು ರಾತ್ರಿ ದೇವರ ಹತ್ತಿರ ಇರಬೇಕು, ಬೆಳಿಗ್ಗೆ ಅದು ಇವರ ಆಫೀಸಿಗೆ ಹೋಗಬೇಕು ಎನ್ನುವುದು ನಮ್ಮಲ್ಲಿ ನಡೆದು ಬಂದ ಪದ್ಧತಿ. ಬೆಳ್ಳುಳ್ಳಿ ಹಾಕಿದ್ದನ್ನು ದೇವರ ಮುಂದೆ ಇಡುತ್ತೀರಾ ಎಂದು ಪಕ್ಕದ ಮನೆಯವರು ಕೇಳಿದ್ದುಂಟು. ನಮ್ಮ ದೇವರು ಬಾಗಲಕೋಟೆಯದು, ಅದಕ್ಕೆ ನಡೆಯುತ್ತದೆ ಎಂದಿದ್ದೆ. ನನ್ನ ಡಬ್ಬಿ ಫೋಟೊದ ಹಿಂದೆ ಹೂವಿನ ಮರೆಯಲ್ಲಿತ್ತು. ಅವಳದು ಮುಂದೆ. ಬೆಳಿಗ್ಗೆ ನಾನು ಸ್ನಾನ ಮಾಡಿ ದೀಪ ಹಚ್ಚಿ, ಹಿಂದೆ ಇಟ್ಟದ್ದು ಮರೆತು, ಮುಂದಿದ್ದ ಡಬ್ಬಿಯನ್ನು ನನ್ನದೇ ಎಂದು ಇವರ ಊಟದ ಚೀಲದಲ್ಲಿಟ್ಟೆ. ಇವರು ಹೋದರು. ಆಮೇಲೆ ನಾದಿನಿ ಸ್ನಾನ ಮಾಡಿ ಬಂದು, ಜಗುಲಿಯ ಮೇಲೆ ಉಳಿದ ಡಬ್ಬಿಯನ್ನು, ಪೂಜೆಗೆಂದು ನಾನು ಹಿಂದೆ ಸರಿಸಿದ ತನ್ನದೇ ಡಬ್ಬಿ ಎಂದು ಎದೆಗವಚಿಕೊಂಡು, ದೇವರಿಗೂ ನನಗೂ ನಮಸ್ಕಾರ ಮಾಡಿ ಹೊರಟಳು. ಒಬ್ಬೊಬ್ಬರಿಗೂ ಕಂಡದ್ದು ಒಂದೊಂದೇ ಡಬ್ಬಿ.

ನಾನು ರೊಟ್ಟಿಯ ಹಿಟ್ಟು ಕಲಸುತ್ತಿದ್ದಾಗ ಫೋನು ಬಂತು.

"ವೈನಿ! ಡಬ್ಬಿ ತಗದ್ರ ಬೆಳ್ಳುಳ್ಳಿ ವಾಸನಿ!"

ಹಿಂದೆ ಯಾರೋ ಗಂಡಸರು ನಿಧಾನವಾಗಿ ತೆಲುಗಿನಲ್ಲಿ ಕೇಳುತ್ತಿದ್ದರು: "ಏಮ್ಮಾ, ಇದಿ ಕಾರ್ಬನಾ, ಕಾರಪ್ಪೊಡಾ?" ಇದು ಕಾರ್ಬನ್ನೋ, ಚಟ್ನಿಪುಡಿಯೋ ಎಂದು. ಮಷೀನು ನಡೆಸುವ ಹಿರಿಯರಂತೆ ಅವರು. ಮೂಸಿ ನೋಡಿಯೇ ಕಂಡುಹಿಡಿದಿದ್ದರು.

ನಾನು ಜಗುಲಿಯತ್ತ ನೋಡಿದೆ. ಖಾಲಿ. ನನ್ನ ಕೈಯ ಹಿಟ್ಟು ಫೋನಿಗೆ ಮೆತ್ತಿಕೊಂಡಿತು. "ಹಂಗಾರ ನಿಂದು ನಿಮ್ಮಣ್ಣನ ಊಟದ ಚೀಲದಾಗ ಹೋಗೇತಿ" ಎಂದೆ.

ಆ ಕಡೆಯಿಂದ ಒಂದು ಸಣ್ಣ ದನಿ: "ಅಣ್ಣ ಪುಡಿಗೆ ಎಣ್ಣಿ ಹಾಕ್ತಾನಲ್ಲ ವೈನಿ."

ಹಾಕುತ್ತಾರೆ. ಹಾಕುವುದೆಂದರೆ ಹೇಗೆ! ಡಬ್ಬಿಯಲ್ಲೇ ಪುಡಿಯ ನಡುವೆ ಬೆರಳಿನಿಂದ ಬಾವಿ ತೋಡಿ, ಅದರ ತುಂಬ ಎಣ್ಣೆ ಹೊಯ್ದು, ರೊಟ್ಟಿ ಅದ್ದುವುದು ಅವರ ಚಾಳಿ. ಉಳಿದ ಪುಡಿ ಮುಗ್ಗುತ್ತದೆ ಎಂದು ಮದುವೆಯಾದಾಗಿನಿಂದ ಬೈಯುತ್ತಿದ್ದೇನೆ. ಅದಕ್ಕೆಂದೇ ಕೆಮ್ಮಿನ ಔಷಧಿಯ ಹಳೆಯ ಶೀಶೆಯಲ್ಲಿ ನಾನೇ ಶೇಂಗಾ ಎಣ್ಣೆ ತುಂಬಿ ಕಳಿಸಿದ್ದೆ.

"ವಾಸನಿ ಹೊಕ್ರ ನಡೀತೈತಿ" ಎಂದಳು ನಾದಿನಿ. "ಇಲ್ಲಿ ಕಾಸಿದ್ರ ಹೊರಗ ಬರ್ತೈತಿ. ಎಣ್ಣಿ ಹೊಕ್ರ ಮುಗೀತು, ತೂತೆಲ್ಲಾ ಮುಚ್ಚಿ ಹೋಗ್ತಾವು. ಮಷೀನಿನವರು ಊಟ ಮುಗಿಯೋ ತನಕ ಕಾಯ್ತಾರಂತ. ಮಷೀನಿಗೆ ಒಂದು ಚಿಟಿಕಿ ಸಾಕು ವೈನಿ. ಒಣದು."

ಆಫೀಸಿಗೆ ಫೋನು ಹಚ್ಚಿದೆ. ಎಂಗೇಜ್. ಮತ್ತೆ ಹಚ್ಚಿದೆ. ಎಂಗೇಜ್. ಆಮೇಲೆ ನೆನಪಾಯಿತು, ಆ ಆಫೀಸಿನವರು ಹೊಸದಾಗಿ ಇಂಟರ್ನೆಟ್ ತೆಗೆದುಕೊಂಡಿದ್ದರು. ಇರುವ ಒಂದೇ ಲೈನಿನಲ್ಲಿ ಮ್ಯಾನೇಜರು ಬೆಳಗಿನಿಂದ ಅದನ್ನು ನೋಡುತ್ತ ಕೂತರೆ ಪಂಪು ಬೇಕಾದವರು ಬಾವಿಗೆ ಬಿದ್ದರೂ ಫೋನು ಸಿಗುತ್ತಿರಲಿಲ್ಲ. ಬಾಗಿಲಿಗೆ ಕೀಲಿ ಜಡಿದು, ಮನೆಯಲ್ಲಿ ಹಾಕುವ ಹವಾಯಿ ಚಪ್ಪಲಿಯಲ್ಲೇ ಇಳಿದು ಆಟೋ ಹತ್ತಿದೆ.

"ಹಿಮಾಯತ್‌ನಗರ. ಜಲ್ದಿ ಭೈಯ್ಯಾ."

"ಕಾಯ್ಕು ಇತ್ತಾ ಪರೇಶಾನ್ ಹೋರೇ ಅಮ್ಮಾ?" ಎಂದ ಆಟೋದವನು. ಯಾಕಿಷ್ಟು ಗಾಬರಿ ಎಂದು.

ನನ್ನ ಹಿಂದಿ ಸಂತೆಯ ಹಿಂದಿ. ತರಕಾರಿ ಚೌಕಾಸಿಗೆ ಸಾಲುತ್ತದೆ, ಇಂಥದ್ದಕ್ಕೆ ಸಾಲದು. ಇದ್ದಷ್ಟರಲ್ಲೇ ಹೇಳಿದೆ: "ಮೇರಾ ಆದ್ಮಿ ಕೋಯ್ಲಾ ಖಾತಾ." ನನ್ನ ಗಂಡ ಇದ್ದಿಲು ತಿನ್ನುತ್ತಾರೆ.

ಅವನು ಕನ್ನಡಿಯಲ್ಲಿ ಒಮ್ಮೆ ನನ್ನ ಮುಖ, ಒಮ್ಮೆ ನನ್ನ ಹಿಟ್ಟಿನ ಕೈ ನೋಡಿದ. ಅಮೀರ್‌ಪೇಟ್‌ನ ಆ ಜನಜಂಗುಳಿಯ ನಡುವೆ ಅವನು ಹಾರ್ನ್ ಒತ್ತಿ ದಾರಿ ಮಾಡಿಕೊಂಡ ರೀತಿ ಆಂಬುಲೆನ್ಸಿನವರಿಗೂ ಬರಲಿಕ್ಕಿಲ್ಲ. ಕಿಟಕಿಗೆ ಕಿಟಕಿ ಹತ್ತಿದ ಆ ಕ್ಲಾಸುಗಳ ಬೋರ್ಡುಗಳನ್ನು ನೋಡುವಾಗ ನನಗೆ, ಇವುಗಳಲ್ಲಿ ಯಾವುದರ ಒಳಗೋ ನಮ್ಮ ಹುಡುಗಿಯ ಸೀಟು ಕಾದು ಕೂತಿದೆ ಎನಿಸಿತು.

ಆಫೀಸಿನಲ್ಲಿ ಊಟದ ಮೇಜಿನ ಸುತ್ತ ನಾಲ್ಕೈದು ಜನ ಕೂತಿದ್ದರು. ಇವರು ನಡುವೆ. ನನ್ನ ಡಬ್ಬಿ ಮೇಜಿನ ಆ ತುದಿಯಲ್ಲಿ ಬೋರಲಾಗಿ ಬಿದ್ದಿತ್ತು. ಹೊಸ ಪುಡಿ ಬಂದ ದಿನ ಇವರಿಗೆ ಬಾವಿ ತೋಡಲು ಯಾರೂ ಬಿಡುವುದಿಲ್ಲ; ಡಬ್ಬಿ ಕೈಯಿಂದ ಕೈಗೆ ಹೋಗಿ ಎಲ್ಲರ ತಟ್ಟೆಯಲ್ಲೂ ಒಂದೊಂದು ಗುಡ್ಡೆಯಾಗುತ್ತದೆ. ಅಕೌಂಟ್ಸ್ ನೋಡುವ ತೆಲುಗಿನವರೊಬ್ಬರು ಔಷಧಿಯ ಶೀಶೆಯನ್ನು ತಮ್ಮ ಗುಡ್ಡೆಯ ಮೇಲೆ ಬಗ್ಗಿಸಿಕೊಂಡು ಬೆರಗಾಗಿ ನೋಡುತ್ತಿದ್ದರು.

"ರಂಡಿ ವದಿನಾ, ರಂಡಿ!" ಅತ್ತಿಗೆ ಬನ್ನಿ ಎಂದು ಅವರು ನನ್ನನ್ನು ಕರೆದರು. "ಎಂತ ನೂನೆ ಪೋಸಿನಾ ತಾಗುತೋಂದಿ!" ಎಷ್ಟು ಎಣ್ಣೆ ಹೊಯ್ದರೂ ಕುಡಿಯುತ್ತಲೇ ಇದೆಯಂತೆ.

ನಿಜ. ಶೀಶೆ ತಳ ಕಂಡಿತ್ತು. ಎಲ್ಲರ ಗುಡ್ಡೆಗಳೂ ಒಂದಿಷ್ಟು ಹೊಳೆಯುತ್ತಿದ್ದವು, ಅಷ್ಟೇ. ಇವರು ತುತ್ತು ನುಂಗಿ ನನ್ನತ್ತ ತಿರುಗಿದರು. ಬಾಯಿ ತೆಗೆದರೆ ಹಲ್ಲೆಲ್ಲ ಕಪ್ಪು.

"ಬಂದ್ಯಾ? ಚಲೋ ಆತು. ಇದೆಂಥಾ ಪುಡಿ ಮಾಡೀಯ? ಉಪ್ಪಿಲ್ಲ, ಖಾರಿಲ್ಲ. ಗುರೆಳ್ಳು ಹುರಿದಿಯೋ, ಸುಟ್ಟಿಯೋ?"

"ಸುಟ್ಟಾಕಿ ನಾನಲ್ಲ, ನಿಮ್ಮ ತಂಗಿ" ಎಂದೆ. "ನೀವು ತಿನ್ನಾಕತ್ತಿದ್ದು ಆಕಿ ಪಿಎಚ್‌ಡಿ."

ಮೇಜಿನ ಸುತ್ತ ಬಾಯಿ ಆಡುವುದು ನಿಂತಿತು. ಒಬ್ಬರು ಮೆಲ್ಲನೆ ನೀರಿನ ಲೋಟ ಹತ್ತಿರ ಎಳೆದುಕೊಂಡರು. ಇವರು ಎದೆ ಒತ್ತಿಕೊಂಡು, "ಏನರ ಆಗ್ತೈತೇನು?" ಎಂದರು.

"ಏನೂ ಆಗಂಗಿಲ್ಲ. ತೊಳದು ತೊಳದು ಶುದ್ಧ ಮಾಡ್ಯಾಳ. ಹೊಟ್ಟಿಯೊಳಗ ವಿಷ ಇದ್ರ ಹೀರಿಕೊಂತೈತಂತ. ನಿಮ್ಮೊಳಗ ಅದಕ್ಕ ಕೆಲಸಕ್ಕೇನ್ ಕೊರತಿ!"

ಅವರ ಸಹೋದ್ಯೋಗಿಗಳು ನಕ್ಕರು. ಇವರು ನಗಲಿಲ್ಲ. ಖಾಲಿ ಡಬ್ಬಿ ನೋಡಿದರು, ಎಣ್ಣೆಯ ಗುಡ್ಡೆಗಳನ್ನು ನೋಡಿದರು. ಅಮೀರ್‌ಪೇಟ್‌ಗೆ ಹೋಗು ಎಂದವರು ತಾವೇ. ಈಗ ಅವಳನ್ನು ಅಲ್ಲಿಗೆ ಕಳಿಸಲು ಪುಡಿಯನ್ನೂ ತಿಂದು ಮುಗಿಸಿದವರು ತಾವೇ. ಆ ಲೆಕ್ಕ ಅವರ ಮುಖದ ಮೇಲೆ ನಿಧಾನವಾಗಿ ಏರುವುದನ್ನು ನಾನು ಕಂಡೆ.

"ಬೇಕಂತ ತಿಂದಾನ ಅಂತಾಳ ಆಕಿ" ಎಂದರು ಕೊನೆಗೆ.

"ಅಂತಾಳ."

"ಮಷೀನಿಗೆ ಎಷ್ಟು ಬೇಕಂತ?"

"ಒಂದು ಚಿಟಿಕಿ. ಒಣದು."

ಅವರು ಕಿಟಕಿ ಹತ್ತಿರದ ತಮ್ಮ ಟೇಬಲ್ಲಿನತ್ತ ಒಮ್ಮೆ ನೋಡಿದರು. ಮತ್ತೆ ಸಹೋದ್ಯೋಗಿಗಳತ್ತ ನೋಡಿದರು. ಮತ್ತೆ ಟೇಬಲ್ಲಿನತ್ತ. "ನೀವೆಲ್ಲ ಕೈ ತೊಳಕೊಂಡು ಬರ್ರಿ" ಎಂದು ಹಿಂದಿಯಲ್ಲಿ ಅವರಿಗೆ ಹೇಳಿದರು. ಯಾರೂ ಏಳಲಿಲ್ಲ. ಇಂಥ ಊಟವನ್ನು ಯಾರು ಬಿಟ್ಟು ಏಳುತ್ತಾರೆ?

ಇವರು ಎದ್ದರು. ಜೇಬಿನಿಂದ ಕೀಲಿ ತೆಗೆದು, ಎಲ್ಲರಿಗೂ ಬೆನ್ನು ಮಾಡಿ, ಡ್ರಾಯರ್ ತೆರೆದರು. ಅದರೊಳಗಿನಿಂದ ಬಂದದ್ದು ಕ್ಯಾಲೆಂಡರಿನ ನುಣುಪು ಹಾಳೆಯಲ್ಲಿ ಬಹಳ ಚೆಂದಾಗಿ ಮಡಚಿದ ಒಂದು ಪೊಟ್ಟಣ. ಬಿಚ್ಚಿದರೆ ಒಣ ಕಪ್ಪು ಪುಡಿ, ಒಂದು ದೊಡ್ಡ ಚಮಚದಷ್ಟು.

"ಸಂಜಿಗೆ ಚುರಮುರಿ ಮ್ಯಾಲೆ ಉದುರಿಸಿಕೊಳ್ಳಾಕ..." ಎಂದರು ಇವರು ಗೋಡೆಗೆ.

ನಾನು ಪೊಟ್ಟಣವನ್ನು ಕಿತ್ತುಕೊಂಡೆ. ಅಕೌಂಟ್ಸಿನವರು ಎದ್ದು ಬಂದು ಡ್ರಾಯರಿನೊಳಗೆ ಇಣುಕಿದರು. ಅಲ್ಲಿ ಇನ್ನೂ ಹಳೆಯ ಮಡಿಕೆ ಹಾಳೆಗಳಿದ್ದವು. ಒಂದಕ್ಕೆ ಶೇಂಗಾ ಚಟ್ನಿಯ ಕೆಂಪು, ಒಂದಕ್ಕೆ ಅಗಸಿಯ ಕಂದು.

"ಇಷ್ಟು ವರ್ಷ ನಮಗೆ 'ಪುಡಿ ಇಷ್ಟೇ ಬಂದದ್ದು' ಅಂತಿದ್ದೆಯಲ್ಲಯ್ಯಾ!" ಅವರು ಕೂಗಿದ್ದು ತೆಲುಗಿನಲ್ಲಿ, ಆದರೆ ಅಂಥ ನೋವು ಯಾವ ಭಾಷೆಯಲ್ಲಾದರೂ ಅರ್ಥವಾಗುತ್ತದೆ. ಊಟಕ್ಕೆ ಮುಂಚೆಯೇ ಒಂದಿಷ್ಟು ಪುಡಿ ಎತ್ತಿಟ್ಟು, ಆಮೇಲೆ ದಾನಶೂರನ ಹಾಗೆ ಡಬ್ಬಿ ಹಂಚುವ ವ್ಯವಹಾರ ಆವತ್ತು ಬಯಲಾಯಿತು. ನನಗೆ ಮಾತ್ರ ಆಗಷ್ಟೇ ಆ ಜಿಪುಣತನದ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿತ್ತು.

ಇವರೂ ನನ್ನ ಜೊತೆ ಇಳಿದು ಬಂದರು. ಆಟೋದವನು ಹೋಗಿರಲಿಲ್ಲ. ಇವರ ಹಲ್ಲು ನೋಡಿ, "ಅಚ್ಛಾ, ಸಚ್ಚಿ ಖಾಯೇ", ನಿಜವಾಗಿಯೂ ತಿಂದಿದ್ದಾರೆ, ಎಂದು ತಲೆಯಾಡಿಸಿ ಬಂಡಿ ತಿರುಗಿಸಿದ. ದಾರಿಯುದ್ದಕ್ಕೂ ಇವರು ಪೊಟ್ಟಣವನ್ನು ಎರಡು ಅಂಗೈಗಳ ನಡುವೆ ಗುಬ್ಬಿಮರಿಯ ಹಾಗೆ ಹಿಡಿದುಕೊಂಡಿದ್ದರು. ಗುಂಡಿಯೊಂದು ಬಂದಾಗ ಆಟೋದವನಿಗೆ ಬೈದದ್ದೂ ಅವರೇ.

ಲ್ಯಾಬಿನ ಗೇಟಿನಲ್ಲೇ ನಾದಿನಿ ನಿಂತಿದ್ದಳು. ಅಣ್ಣನ ಮುಖ ನೋಡಿದಳು, ಹಲ್ಲು ನೋಡಿದಳು.

"ಬೇಕಂತ ತಿಂದಿ!"

"ಬೇಕಂತ ತಿನ್ನೋ ರುಚಿ ಇತ್ತೇನವ್ವಾ ಅದು? ತಗೋ, ಎಣ್ಣಿ ಸೋಂಕಿಲ್ಲ. ಡ್ರಾಯರ್‌ದಾಗ ಇಟ್ಟಿದ್ದೆ."

"ಯಾಕ ಇಟ್ಟಿದ್ದಿ?"

ಇವರು ನನ್ನತ್ತ ನೋಡಿದರು. "ಸುರಕ್ಷಿತ ಇರ್ಲಿ ಅಂತ" ಎಂದೆ ನಾನು. ಗಂಡನ ಮಾನ ಒಂದೇ ದಿನ ಎರಡು ಕಡೆ ಹೋಗುವುದು ಬೇಡವೆನಿಸಿತು.

ಒಳಗೆ ಮಷೀನಿನ ಹಿರಿಯರು ಊಟ ಮುಗಿಸಿ ಕೂತಿದ್ದರು. ನನ್ನ ಗುರೆಳ್ಳಿನ ಡಬ್ಬಿ ಅವರ ಪಕ್ಕದಲ್ಲಿ ತೊಳೆದಿಟ್ಟ ಹಾಗೆ ಖಾಲಿಯಾಗಿತ್ತು. ಮೊಸರನ್ನದ ಜೊತೆ ಬಹಳ ಚೆನ್ನಾಗಿ ಹೋಯಿತಂತೆ. ಪೊಟ್ಟಣವನ್ನು ಮೂಸಿದರು. ಇವರ ಹಲ್ಲು ನೋಡಿ, ಇದು ಎರಡನೆಯ ಸ್ಯಾಂಪಲ್ಲೇ ಎಂದು ನಾದಿನಿಯನ್ನು ಕೇಳಿದರು. ಪುಡಿಯನ್ನು ತೂಗಿ, ಸಪೂರ ಗಾಜಿನ ನಳಿಗೆಗೆ ಇಳಿಸಿ, ಒಳಗೆ ಸೇರಿಕೊಂಡ ತೇವ, ವಾಸನೆ ಎಲ್ಲ ಹೋಗಲೆಂದು ಗಾಳಿ ಎಳೆದು ಕಾಯಲಿಟ್ಟರು. ಅದು ಒಂದು ರಾತ್ರಿಯ ಕೆಲಸವಂತೆ. ನಾಳೆ ನಳಿಗೆಯನ್ನು, ಮುಟ್ಟಿದರೆ ಕೈ ಸುಡುವಷ್ಟು ತಣ್ಣಗಿನ ದ್ರವದಲ್ಲಿ ಇಳಿಬಿಟ್ಟು, ಪುಡಿ ಎಷ್ಟು ಗಾಳಿ ಕುಡಿಯುತ್ತದೆಂದು ಅಳೆದು ತೂತಿನ ಲೆಕ್ಕ ತೆಗೆಯುತ್ತಾರೆ.

"ಗಾಳಿ ಕುಡೀತೈತೋ ಇಲ್ಲೋ, ಎಣ್ಣಿ ಅಂತೂ ಕುಡೀತೈತಿ" ಎಂದರು ಇವರು. "ಒಂದು ಶೀಶೆ ಪೂರ್ತಿ. ನಾ ಸಾಕ್ಷಿ."

"ಎಣ್ಣಿ ಕುಡಿದಿದ್ದು ಪುರಾವೆ ಆಗಂಗಿಲ್ಲ ಅಣ್ಣಾ."

"ನನ್ನ ನಾಲಿಗಿ ಸುಳ್ಳು ಹೇಳ್ತೈತೇನು?"

ಮರುದಿನ ಇವರು ಆಫೀಸಿಗೆ ರಜೆ ಹಾಕಿದರು. ಹೊಟ್ಟೆ ಸರಿಯಿಲ್ಲ ಎಂದು ಕಾರಣ ಕೊಟ್ಟರಂತೆ. ಆ ಆಫೀಸಿನಲ್ಲಿ ಆವತ್ತು ಯಾರೂ ಅದನ್ನು ಅನುಮಾನಿಸುವ ಹಾಗಿರಲಿಲ್ಲ. ತಂಗಿಯ ಜೊತೆ ಹೋಗಿ ಆ ಮಷೀನಿನ ಮುಂದೆ ದಿನವಿಡೀ ಕೂತರು. ಬಿಳಿ ಹೊಗೆ ಬುಸುಗುಡುವ ಪಾತ್ರೆ, ಪರದೆಯ ಮೇಲೆ ಇರುವೆಯ ಹಾಗೆ ಮೇಲೇರುವ ಚುಕ್ಕೆಗಳು. ಪ್ರತಿ ಚುಕ್ಕೆ ಮೂಡಿದಾಗಲೂ, "ಕುಡೀತು ನೋಡು, ಮತ್ತ ಕುಡೀತು" ಎನ್ನುತ್ತಿದ್ದರಂತೆ. ಹಿರಿಯರು ಅವರನ್ನು ಎರಡು ಸಲ ಹೊರಗೆ ಕಳಿಸಿದರೂ ಬಾಗಿಲಿನ ಗಾಜಿನಿಂದ ನೋಡುತ್ತಲೇ ಇದ್ದರು.

ಸಂಜೆ ಇಬ್ಬರೂ ಮೆಟ್ಟಿಲು ಹತ್ತುವ ಸದ್ದಿನಲ್ಲೇ ನನಗೆ ಗೊತ್ತಾಯಿತು. ಪುಡಿ ಅವಳು ಅಂದುಕೊಂಡದ್ದಕ್ಕಿಂತ ಜಾಸ್ತಿ ಕುಡಿದಿತ್ತು. ನಾದಿನಿ ನನ್ನನ್ನು ತಬ್ಬಿಕೊಂಡು ಅತ್ತಳು. ಅವಳ ಅಣ್ಣ, "ನಾ ನಿನ್ನೇನ ಹೇಳಲಿಲ್ಲೇನು" ಎಂದು ಇಡೀ ಮನೆಗೆ ಕೇಳುವಂತೆ ಹೇಳುತ್ತ ಅಡುಗೆಮನೆಯಲ್ಲಿ ತಿಂಡಿ ಹುಡುಕಿದರು.

ಅಮೀರ್‌ಪೇಟ್‌ನ ಸೀಟು ಮಾತ್ರ ಉಳಿಯಿತು. ಸೇರಿದವರು ಬರಲಿ ಬಿಡಲಿ, ಕಟ್ಟಿದ್ದು ವಾಪಸ್ಸಿಲ್ಲ, ಬೇಕಾದರೆ ಬೇರೆಯವರನ್ನು ಕಳಿಸಿ ಎಂದರಂತೆ ಕ್ಲಾಸಿನವರು. ಮನೆಯಲ್ಲಿ ಬೇರೆಯವರೆಂದರೆ ನಾನು ಮತ್ತು ಅವರು. ನಾನು ಉಪ್ಪಿನಕಾಯಿ ಹಾಕುವುದಿದೆ ಎಂದೆ. ಹೀಗಾಗಿ ಆ ಸೋಮವಾರದಿಂದ ನಮ್ಮ ಮನೆಯವರು ಆಫೀಸು ಬಿಟ್ಟ ಮೇಲೆ, ತಮ್ಮ ಅರ್ಧ ವಯಸ್ಸಿನ ಹುಡುಗರ ನಡುವೆ ಕೂತು ಜಾವಾ ಕಲಿಯಲು ಹೋದರು. ರಾತ್ರಿ ಊಟಕ್ಕೆ ಕೂತಾಗ ನಾದಿನಿ ಬಹಳ ಗಂಭೀರವಾಗಿ ಕೇಳುತ್ತಿದ್ದಳು:

"ಅಣ್ಣಾ, ಇವತ್ತು ಏನ್ ಕಲಿಸಿದ್ರು?"

"ಸುಮ್ನ ಉಣ್ಣು."

ಮುಂದೆ ಅವಳ ಥೀಸಿಸ್ ಬಂತು. ಅದರ ಒಂದು ಪ್ರತಿ ನಮ್ಮ ಶೋಕೇಸಿನಲ್ಲಿದೆ. ಬಂದವರಿಗೆಲ್ಲ ಇವರು ಅದನ್ನು ತೆಗೆದು, ಮೇಲೇರುವ ಚುಕ್ಕೆಗಳ ಆ ಪುಟವನ್ನೇ ಬಿಚ್ಚಿ ತೋರಿಸುತ್ತಾರೆ: "ಇದು ನನ್ನ ಡ್ರಾಯರಿನ ಪುಡಿ." ಆ ಡ್ರಾಯರಿನ ಎರಡನೆಯ ಕೀಲಿ ಆವತ್ತಿನಿಂದ ಅಕೌಂಟ್ಸಿನವರ ಹತ್ತಿರ ಇತ್ತೆಂಬುದನ್ನು ಹೇಳುವುದಿಲ್ಲ. ಅದನ್ನು ನಾನು ಹೇಳುತ್ತೇನೆ, ಅತಿಥಿಗಳ ಮುಂದೆ ಶೇಂಗಾ ಬುಟ್ಟಿ ಇಡುತ್ತ.